ಸೆಲ್ ಇಲ್ಲದ ಕೀಬೋರ್ಡ್

ಕಮಲಾಪುರದಲ್ಲಿ ಈ ಕಥೆ ಹೇಳುವವರು, ಕರೆಂಟ್ ಇಲ್ಲದೆ ಕೀಬೋರ್ಡ್ ತಾನಾಗಿಯೇ ನುಡಿಯಿತು ಎನ್ನುತ್ತಾರೆ. ಸುಳ್ಳು. ಕರೆಂಟ್ ಇತ್ತು, ಕೀಗಳ ಮೇಲೆ ಬೆರಳೂ ಇತ್ತು; ನಾನು ಪಕ್ಕದಲ್ಲೇ ಕೂತಿದ್ದೆ. ಇಂಥ ಮಾತು ಯಾರು ಹೇಳಿದರೂ ಪುರಾವೆ ಕೇಳುವುದು ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನನಗಂಟಿದ ಚಟ. ಈ ಸಲದ ತೊಂದರೆ ಏನೆಂದರೆ, ಪುರಾವೆ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ.

ಮಕ್ಬೂಲ್ ಚಾಚಾ ಅಪ್ಪನ ಗೆಳೆಯರು. ಕಮಲಾಪುರದವರು, ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಅದರಲ್ಲಿ ಅವರೇ ತಿದ್ದಿ ತೀಡಿ ಮಾಡಿಕೊಂಡ ಒಂದು ನಾದವಿತ್ತು. ಶಹನಾಯಿಯೂ ಅಲ್ಲ, ಕೊಳಲೂ ಅಲ್ಲ. ಕೈ ನಡುಗತೊಡಗಿದ ಮೇಲೆ ಅವರಿಗೆ ಒಂದೇ ಆಸೆ: ಮಗಳು ಶಬಾನಾ ಮುಂದೆ ಅದೇ ನಾದದಲ್ಲಿ ನುಡಿಸಬೇಕು. ಆ ಹಳೆಯ ಯಂತ್ರದ ನೆನಪು ನಿಂತಿರುವುದು ಒಳಗಿನ ಚಿಕ್ಕ ಸೆಲ್ ಮೇಲೆ; ಅದು ಹೋದರೆ ತಿದ್ದಿದ ನಾದ ಅಳಿಸಿ, ಕಂಪನಿಯವಷ್ಟೇ ಉಳಿಯುತ್ತವೆ. ಸೆಲ್ ಸಾಯುವ ಮೊದಲು ನಾದವನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ.

ಒಂದು ಮಧ್ಯಾಹ್ನ ಚಾಚಾ, ಶಬಾನಾ ಇಬ್ಬರೂ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಕೀಬೋರ್ಡನ್ನು ಹೊತ್ತು ತಂದರು. ಮುಚ್ಚಳ ಬಿಚ್ಚಿದರೆ ಸೆಲ್ಲೇ ಇಲ್ಲ.

"ನಾನೇ ತೆಗದೀನಿ ಅಣ್ಣಾ," ಎಂದಳು ಶಬಾನಾ. "ಲಗ್ನದ ಸೀಜನ್ ಮುಗದ ಮ್ಯಾಲ ಮೈಕಿಂದು, ರಿಮೋಟಿಂದು ಎಲ್ಲಾ ಸೆಲ್ ತೆಗದಿಡ್ತೀವಲ್ಲ, ಸೋರಬಾರ್ದಂತ."

ತೆಗೆದು ತಿಂಗಳುಗಳೇ ಆಗಿದ್ದವು. ಒಳಗೆ ಏನೂ ಉಳಿದಿಲ್ಲ ಎಂದೆ. ಅವಳು ಸೆಲ್ಲಿನ ಖಾಲಿ ಗೂಡಿನಲ್ಲಿ ಬೆರಳಾಡಿಸಿದಳು. ಏಕೆ ಉಳಿದಿಲ್ಲವೆಂದು ನಾನು ವಿವರಿಸುತ್ತಲೇ ಇದ್ದೆ.

"ನಿನ್ನ ಡಿಬೇಟ್ ಆಮ್ಯಾಲ ಮಾಡಪಾ," ಎಂದರು ಚಾಚಾ. "ಮೊದಲ ರೆಕಾರ್ಡಿಂಗ್ ಹಚ್ಚು. ಒಮ್ಮೆ ಬರ್ತದ, ಮತ್ತ ಬರಂಗಿಲ್ಲ."

ಹಿರಿಯರ ಮನಸ್ಸು ಮುರಿಯುವುದೇಕೆಂದು ಕೀಬೋರ್ಡಿಗೆ ಕರೆಂಟ್ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ. ಕೀಬೋರ್ಡಿನ ಪರದೆಯಲ್ಲಿ ಕಂಪನಿಯ ಮೂಲ ನಾದಗಳ ಹೆಸರುಗಳಷ್ಟೇ ಇದ್ದವು. ಶಬಾನಾ ಬೆರಳಿಟ್ಟಳು. ಬಂದದ್ದು ಚಾಚಾರ ನಾದ. ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಕೀ ಒತ್ತಿಸಿದೆ. ಆಫ್ ಮಾಡಿ ಆನ್ ಮಾಡಿದೆವು, ಹೋಗಿತ್ತು. ಮತ್ತೆ ಬರಲಿಲ್ಲ.

ಒಳಗೆಲ್ಲೋ ಕರೆಂಟ್ ಉಳಿದಿತ್ತೆ? ಅಷ್ಟು ತಿಂಗಳು ಉಳಿಯದು. ಕಂಪನಿಯದೇ ನಾದವೆ? ಎಲ್ಲವನ್ನೂ ನುಡಿಸಿ ನೋಡಿದ್ದೇನೆ, ಅಂಥದ್ದಿಲ್ಲ. ನನ್ನ ವಾದವನ್ನು ನಾನೇ ಎಷ್ಟು ಸಲ ಕೆಡವಿದೆನೋ. ಈಗ ಶಬಾನಾ ಹೊಸ ಕೀಬೋರ್ಡಿನಲ್ಲಿ, ಆ ರೆಕಾರ್ಡಿಂಗ್‌ನಿಂದ ಕಟ್ಟಿದ ನಾದದಲ್ಲೇ ನುಡಿಸುತ್ತಾಳೆ. ಎಲ್ಲರಿಗೂ ಸಮಾಧಾನ, ನನ್ನೊಬ್ಬನಿಗೆ ಇಲ್ಲ.

ಮೊನ್ನೆ ಕಮಲಾಪುರಕ್ಕೆ ಹೋಗಿ, ಕಪ್ಪಿನಿಂದ ಬಸಿಗೆ ಸುರಿದ ಚಹಾ ಆರಿಸುತ್ತಿದ್ದ ಚಾಚಾರ ಮುಂದೆ ಕೂತು ಕೇಳಿಯೇಬಿಟ್ಟೆ: "ಒಮ್ಮೆ ಅಷ್ಟ ಬರ್ತದಂತ ನಿಮಗ ಹ್ಯಾಂಗ ಗೊತ್ತಿತ್ರೀ, ಚಾಚಾ?"