ನೊಣಕ್ಕೆಂದು ಇಟ್ಟ ತಡ

ನನ್ನ ಮೈದುನನ ಸುದ್ದಿ ನಾನು ಮೊದಲು ಕೇಳಿದ್ದು ನನ್ನ ಮದುವೆಯ ಮಾತು ನಡೆದ ದಿನ. ದೊಡ್ಡಮ್ಮ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಅಮ್ಮನಿಗೆ ಹೇಳುತ್ತಿದ್ದರು.

"ಹುಡುಗ ಗೋಡೆ ಇದ್ದ ಹಾಗೆ. ಮಾತಿಲ್ಲ, ಕತೆಯಿಲ್ಲ. ಒಬ್ಬ ತಮ್ಮ ಇದಾನೆ, ಹದಿನೇಳು ವರ್ಷ. ಅವನ ಕೈಗೆ ಮಾತ್ರ ಸ್ಕ್ರೂ ಇರೋ ಸಾಮಾನು ಯಾವುದೂ ಸಿಗಬಾರದು. ಹೋದ ತಿಂಗಳು ಮನೆ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತಿದ್ನಂತೆ. ತಿರುಗಿ ಜೋಡಿಸಿದ ಮೇಲೆ ನಾಲ್ಕು ಸಾಮಾನು ಉಳಿದುಬಿಟ್ವಂತೆ."

"ಅಯ್ಯೋ, ರೇಡಿಯೋ ಹಾಳಾಯ್ತಾ?"

"ಹಾಳಾಗೋದೇನು ಬಂತು, ಮೊದಲಿಗಿಂತ ಚೆನ್ನಾಗಿ ಹಾಡುತ್ತಂತೆ."

ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಆ ಮನೆಗೆ ಹೋದ ಮೇಲೆ ನನ್ನ ಹೊಲಿಗೆ ಮೆಷಿನ್ನನ್ನು ಎಲ್ಲಿ ಬಚ್ಚಿಡುವುದು ಎಂದು ಯೋಚನೆ ಹತ್ತಿತ್ತು.

ಮೆಷಿನ್ನನ್ನು ಅವನು ಮುಟ್ಟಲಿಲ್ಲ. ಮುಟ್ಟಿದ್ದು ಒಂದೇ ಸಲ, ಸೂಜಿ ಮುರಿದಾಗ, ಅದೂ ನನ್ನನ್ನು ಕೇಳಿ. ಇಪ್ಪತ್ತನೇ ವರ್ಷಕ್ಕೆ ಲಿಫ್ಟ್ ರಿಪೇರಿಯ ಕಂಪನಿ ಸೇರಿದ. ಅಲ್ಲಿಂದ ನಲವತ್ತು ವರ್ಷ ಅವನ ಅಂಗಿಯಿಂದ ಗ್ರೀಸಿನ ಕಲೆ ಹೋಗಲಿಲ್ಲ. ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆದರು. ಮದುವೆ ಆಗಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ದಿನಾ ಸಿಕ್ಕಿಹಾಕ್ಕೊಂಡವರನ್ನ ಬಿಡಿಸೋದೇ ನನ್ನ ಕೆಲಸ. ನಾನೇ ಹೋಗಿ ಸಿಕ್ಕಿಹಾಕ್ಕೊಳ್ಳೋದು ಯಾಕೆ?" ಎನ್ನುತ್ತಿದ್ದ. ಅವನು ನೋಡಿಕೊಂಡ ಯಾವ ಲಿಫ್ಟಿನಲ್ಲೂ ಒಬ್ಬರಿಗೂ ಒಂದು ಗಾಯ ಆಗಲಿಲ್ಲ. ಅದೊಂದನ್ನು ಅವನು ಆಗಾಗ ಹೇಳಿಕೊಳ್ಳುತ್ತಿದ್ದ. ಬೇರೆ ಯಾವುದನ್ನೂ ಹೇಳಿಕೊಂಡವನಲ್ಲ.

ಅವನು ನಿವೃತ್ತನಾದ ವರ್ಷವೇ ನಮ್ಮವರು ತೀರಿಕೊಂಡರು. ಜನ ಬಂದರು, ಹೋದರು. ನನಗೆ ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂಬ ಚಿಂತೆಯೂ ಬರಲಿಲ್ಲ. ಎಲ್ಲರೂ ಹೋದ ಮೇಲೆ ಮೈದುನ ಬಚ್ಚಲಿಗೆ ಹೋಗಿ ನಲ್ಲಿಯ ವಾಷರ್ ಬದಲಾಯಿಸಿದ. ಆರು ತಿಂಗಳಿಂದ ಅದು ತೊಟ್ಟಿಕ್ಕುತ್ತಿತ್ತು. ಆಮೇಲೆ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಅವನು ಒಂದು ಕೋಣೆಯಲ್ಲಿ, ನಾನು ಒಂದು ಕೋಣೆಯಲ್ಲಿ. ಊಟಕ್ಕೆ ಕೂತಾಗ "ಉಪ್ಪು" ಎಂದರೆ ಉಪ್ಪು ಕೊಡುತ್ತಿದ್ದೆ.

ನಾಯಿಗಳ ವಿಷಯ ಮನೆಗೆ ತಂದವಳು ಬೇಕರಿಯವಳು. ನಲವತ್ತು ದಾಟಿದ ಹೆಂಗಸು. ಎರಡು ಬೀದಿ ಆಚೆ ಅವಳದೇ ಬೇಕರಿ, ಅದರ ಮೇಲೆ ಮನೆ. ಒಂದು ದಿನ ತನ್ನ ನಾಯಿಯ ಜೊತೆ ಅವಳು ಆ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಕಂಪನಿಯವರು ಬರುವುದು ತಡವೆಂದು ಯಾರೋ ಓಡಿ ಬಂದು ನಮ್ಮ ಬಾಗಿಲು ಬಡಿದರು. ಇವನು ಹೋಗಿ ಬಿಡಿಸಿದ. ಮಾರನೆಯ ದಿನ ಅವಳು ಬಿಸಿ ಬ್ರೆಡ್ ಹಿಡಿದು ಬಂದಳು. ಜೊತೆಗೆ ಕಡ್ಡಿ ಎಂಬ ಹೆಸರಿನ ಆ ನಾಯಿ. ಹೆಸರಿಗೆ ತಕ್ಕ ಹಾಗೇ ಇತ್ತು.

"ಇದಕ್ಕೆ ಊಟ ಹಾಕಲ್ವಾ ನೀನು?" ಎಂದು ಕೇಳಿದೆ.

"ತಿನ್ನುತ್ತಮ್ಮಾ. ನನಗಿಂತ ಜಾಸ್ತಿ ತಿನ್ನುತ್ತೆ. ಎಲ್ಲಾ ಓಡಿ ಕರಗಿಸುತ್ತೆ. ಭಾನುವಾರ ನಾಯಿಗಳ ರಿಲೇ ಓಟ ಆಡಿಸ್ತೀವಿ, ಹಳೇ ಗೋಡೌನ್ ಹಿಂದಿನ ಗ್ರೌಂಡಲ್ಲಿ."

ಆ ಆಟ ಹೀಗೆ. ನಾಲ್ಕು ನಾಯಿಗಳ ಒಂದು ತಂಡ. ಒಂದು ನಾಯಿ ಸಾಲಾಗಿಟ್ಟ ನಾಲ್ಕು ಹಲಗೆಗಳನ್ನು ಹಾರಿ, ಕೊನೆಯಲ್ಲಿರುವ ಪೆಟ್ಟಿಗೆಯನ್ನು ಕಾಲಿನಿಂದ ಒದೆಯುತ್ತದೆ. ಪೆಟ್ಟಿಗೆಯಿಂದ ಚೆಂಡು ಚಿಮ್ಮುತ್ತದೆ. ಅದನ್ನು ಕಚ್ಚಿಕೊಂಡು ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಅದು ಗೆರೆ ದಾಟಿದ ಮೇಲೆಯೇ ಮುಂದಿನ ನಾಯಿ ಗೆರೆ ದಾಟಬೇಕು. ನಾಯಿ ಆಡಿಸುವವರು ಮೊಬೈಲು ಹಿಡಿದು ಸಮಯ ನೋಡುತ್ತಿದ್ದರು. ನಾಯಿಗಳಿಗಿಂತ ಹೆಚ್ಚಾಗಿ ಇವರೇ ಕಚ್ಚಾಡುತ್ತಿದ್ದರು.

"ಲಿಫ್ಟ್ ಬಾಗಿಲಲ್ಲಿ ಬೆಳಕಿನ ಕಣ್ಣು ಇರುತ್ತೆ, ನೋಡಿದೀಯಾ?" ಎಂದು ಮೈದುನ ಅವಳನ್ನು ಕೇಳಿದ. "ಕಾಲು ಅಡ್ಡ ಬಂದ್ರೆ ಬಾಗಿಲು ನಿಲ್ಲುತ್ತಲ್ಲ, ಅದು. ಹಳೇವು ನನ್ನ ಹತ್ರ ಒಂದು ಡಬ್ಬ ಇದಾವೆ."

ನಮ್ಮವರು ಹೋದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅಂದೇ.

ಎರಡು ತಿಂಗಳು ಕೂತು ಮಾಡಿದ. ಗೆರೆಯ ಎರಡು ಬದಿಗೆ ಮೊಣಕಾಲೆತ್ತರದ ಎರಡು ಕಂಬ, ಅವುಗಳಲ್ಲಿ ಕಣ್ಣುಗಳು. ಪಕ್ಕದಲ್ಲಿ ಒಂದು ದೀಪದ ಕಂಬ: ಹಳದಿ, ಹಳದಿ, ಹಸಿರು, ಎಲ್ಲಕ್ಕಿಂತ ಕೆಳಗೆ ಕೆಂಪು. ಮೇಜಿನ ಮೇಲೆ ಅಂಕಿ ತೋರಿಸುವ ಪೆಟ್ಟಿಗೆ. ಮೊದಲ ನಾಯಿಯನ್ನು ಹಿಡಿದವರು ಗೆರೆಯಿಂದ ಬಹಳ ಹಿಂದೆ ನಿಂತು, ದೀಪ ಇನ್ನೂ ಹಳದಿ ಇರುವಾಗಲೇ ಬಿಡಬೇಕು. ಹಸಿರು ಹತ್ತುವುದಕ್ಕೂ ನಾಯಿಯ ಮೂತಿ ಗೆರೆ ದಾಟುವುದಕ್ಕೂ ಸರಿಹೋಗಬೇಕು. ಮೊದಲೇ ದಾಟಿದರೆ ಕೆಂಪು. ಆ ಮೊದಲ ನಾಯಿ ಕಡ್ಡಿ. ಬಿಡುವ ಕೈ ಬೇಕರಿಯವಳದು.

ನಾನೂ ಭಾನುವಾರ ಗ್ರೌಂಡಿಗೆ ಹೋಗಿ ಕೂರತೊಡಗಿದೆ. ಹೋಗಬೇಕೆಂದು ಹೋಗುತ್ತಿರಲಿಲ್ಲ, ಬೇಡವೆನ್ನಲು ಕಾರಣವಿರಲಿಲ್ಲ. ಇವನು ಅಂಕಿ ಓದುತ್ತಿದ್ದ. ಬೇಕರಿಯವಳು ಇವನ ಪೆಟ್ಟಿಗೆ ನೋಡಿಕೊಂಡೇ ಕೈ ಪಳಗಿಸಿಕೊಂಡಳು. ಮೊದಮೊದಲು ಸೆಕೆಂಡಿನ ಕಾಲು ಭಾಗ ತಡ. ಆರು ತಿಂಗಳಲ್ಲಿ ನೂರರಲ್ಲಿ ಒಂದು ಭಾಗಕ್ಕೆ ಬಂದಳು. "ಸೊನ್ನೆ ಬಿಂದು ಸೊನ್ನೆ ಒಂದು" ಎಂದು ಇವನು ಕೂಗಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ತಂಡದ ಯಜಮಾನಿಕೆ ಒಬ್ಬ ಲಾಂಡ್ರಿಯವನದು. ದೊಡ್ಡ ಗಂಟಲಿನ ಮನುಷ್ಯ. ಅವನು ತಂಡವನ್ನು ದೊಡ್ಡ ಪಂದ್ಯಕ್ಕೆ ಕರೆದುಕೊಂಡು ಹೋದ. ಅಲ್ಲಿ ಪಂದ್ಯ ನಡೆಸುವವರದೇ ಯಂತ್ರ. ಮೊದಲ ಓಟಕ್ಕೆ ಕಡ್ಡಿ ಗೆರೆ ದಾಟಿತು, ಕೆಂಪು ಹತ್ತಿತು. ಎರಡನೆಯದಕ್ಕೂ ಕೆಂಪು, ಮೂರನೆಯದಕ್ಕೂ ಕೆಂಪು. ಮೂರು ಸಲವೂ ನೂರರಲ್ಲಿ ಎರಡು ಭಾಗ ಮುಂಚೆ. ತಂಡ ಮಧ್ಯಾಹ್ನದೊಳಗೇ ಮನೆಗೆ ಬಂತು.

ಮುಂದಿನ ಭಾನುವಾರ ಗ್ರೌಂಡಿನಲ್ಲಿ ಲಾಂಡ್ರಿಯವ ಎಲ್ಲರ ಮುಂದೆ ಕೇಳಿದ. "ಲಿಫ್ಟಣ್ಣ, ನಿಮ್ಮ ಯಂತ್ರ ಏನಾದ್ರೂ ಹೆಚ್ಚುಕಡಿಮೆ ತೋರಿಸುತ್ತಾ?"

"ಯಂತ್ರಕ್ಕೆ ಹೆಚ್ಚುಕಡಿಮೆ ಗೊತ್ತಿಲ್ಲ" ಎಂದ ಇವನು. "ನಲವತ್ತು ವರ್ಷ ಇದೇ ಕಣ್ಣು ನಂಬ್ಕೊಂಡು ಜನ ಮೇಲೆ ಕೆಳಗೆ ಓಡಾಡಿದಾರೆ."

"ಹಾಗಾದ್ರೆ ಕೈಯದೇ ತಪ್ಪು. ಜನ ನೋಡಿದ ತಕ್ಷಣ ಕೈ ನಡುಗಿತು. ಇಷ್ಟೇ."

"ನಡುಗಲಿಲ್ಲ" ಎಂದಳು ಬೇಕರಿಯವಳು. "ಇಲ್ಲಿ ಬಿಟ್ಟ ಹಾಗೇ ಬಿಟ್ಟೆ."

"ಇಲ್ಲಿ ಬಿಟ್ಟ ಹಾಗೇ ಬಿಟ್ಟಿದ್ರೆ ಇಲ್ಲಿ ಹತ್ತಿದ ಹಾಗೇ ಹಸಿರು ಹತ್ತಬೇಕಿತ್ತಲ್ಲಮ್ಮ."

ಲಾಂಡ್ರಿಯವ ತನ್ನ ಭಾಮೈದನನ್ನೂ ಅವನ ನಾಯಿಯನ್ನೂ ಮೊದಲ ಜಾಗಕ್ಕೆ ಹಾಕಿದ. ಕಡ್ಡಿ ಬೇರೆಯವರ ಕೈಯಿಂದ ಓಡುತ್ತಿರಲಿಲ್ಲ. ನಾಯಿಯೂ ಹೊರಗೆ, ಅವಳೂ ಹೊರಗೆ.

ಆ ಹೊತ್ತಿಗೆ ಮೈದುನನ ಬೆರಳ ತುದಿಗಳು ಜಡವಾಗಿದ್ದವು. ಸಕ್ಕರೆ ಕಾಯಿಲೆ ನರ ತಿಂದಿದೆ ಎಂದು ಡಾಕ್ಟರು ಹೇಳಿದರು. ಒಂದು ಬೆಳಗ್ಗೆ ಬೆಸುಗೆ ಹಾಕುತ್ತಿದ್ದವನ ಕೋಣೆಯಿಂದ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಕಾದ ಬೆಸುಗೆಯ ಕಡ್ಡಿಗೆ ಹೆಬ್ಬೆರಳು ತಾಗಿಸಿಕೊಂಡೇ ಕೂತಿದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ.

"ಅಲ್ಲಯ್ಯಾ, ನಿನ್ನ ಚರ್ಮ ಬೇಯ್ತಾ ಇದೆ!"

"ಹೌದಾ?" ಎಂದು ಬೆರಳನ್ನು ತಿರುಗಿಸಿ ನೋಡಿಕೊಂಡ, ಯಾರದೋ ಬೆರಳು ನೋಡಿದ ಹಾಗೆ.

ತಂಡದವರು ಎರಡನೇ ಓಟದ ಸಾಲಿಗೆ ಇನ್ನೊಂದು ಜೊತೆ ಕಂಬ ಕೇಳಿದ್ದರು. ನಾನು ಐವತ್ತು ವರ್ಷ ಸೂಜಿ ಹಿಡಿದವಳು. "ಎಲ್ಲಿ ಹಿಡೀಬೇಕು ಹೇಳು, ನಾನು ಹಿಡೀತೀನಿ" ಎಂದೆ. ಅವನು ಪಕ್ಕದಲ್ಲಿ ಕೂತು ತೋರಿಸಿದ, ನಾನು ಬೆಸುಗೆ ಹಾಕಿದೆ. ಮೊದಲ ಎರಡು ದಿನ ಗೊಬ್ಬರದ ಗುಡ್ಡೆಯ ಹಾಗೆ ಬಂತು. ಮೂರನೆಯ ದಿನ, "ಪರವಾಗಿಲ್ಲ, ಕಂಪನೀಲಿ ನಿಮಗಿಂತ ಕೆಟ್ಟದಾಗಿ ಹಾಕೋರಿಗೆ ಪ್ರಮೋಷನ್ ಕೊಟ್ಟಿದಾರೆ" ಎಂದ.

ನಾಲ್ಕನೆಯ ದಿನ ನಾನು ಕೇಳಿದೆ. "ಇದು ಯಾತಕ್ಕೆ? ಈ ಮೆಣಸಿನಕಾಳಿನಂಥ ಸಾಮಾನು. ಪ್ರತಿ ಕಣ್ಣಿಗೂ ಒಂದೊಂದು ಹಾಕಿಸ್ತೀಯಲ್ಲ."

"ಅದಾ? ಅದು ನೊಣಕ್ಕೆ."

"ನೊಣಕ್ಕಾ?"

"ಲಿಫ್ಟ್ ಬಾಗಿಲು ಮುಚ್ತಾ ಇರೋವಾಗ ಒಂದು ನೊಣ ಅಡ್ಡ ಹಾರಿತು ಅನ್ನಿ. ಕಣ್ಣು ಅದನ್ನೂ ಮನುಷ್ಯ ಅಂದ್ಕೊಂಡ್ರೆ ಬಾಗಿಲು ಮತ್ತೆ ತೆಗೆದುಬಿಡುತ್ತೆ. ದಿನವಿಡೀ ಇದೇ ಆಗುತ್ತೆ. ಅದಕ್ಕೆ ಕಣ್ಣಿಗೆ ಸ್ವಲ್ಪ ತಡ ಕೊಡ್ತೀವಿ. ಅಡ್ಡ ಬಂದಿದ್ದು ಅಷ್ಟು ಹೊತ್ತು ಇದ್ರೆ ಮಾತ್ರ ನಂಬುತ್ತೆ. ಎಲ್ಲಾ ಕಣ್ಣಿಗೂ ಹಾಕ್ತೀವಿ, ಕೈ ತಾನಾಗೇ ಹಾಕುತ್ತೆ."

"ಎಷ್ಟು ಹೊತ್ತಿನ ತಡ?"

"ಏನೂ ಇಲ್ಲ ಅತ್ತಿಗೆ. ಸೆಕೆಂಡಿನ ನೂರರಲ್ಲಿ ಮೂರು..."

ಅಲ್ಲಿಗೆ ನಿಲ್ಲಿಸಿದ. ನನ್ನ ಕೈಯಿಂದ ಬೆಸುಗೆಯ ಕಡ್ಡಿ ತೆಗೆದುಕೊಂಡು ಅದರ ಸ್ಟ್ಯಾಂಡಿನಲ್ಲಿಟ್ಟ. ಪ್ಲಗ್ ಕಿತ್ತ. ಟೀ ಮಾಡಲಾ ಎಂದರೆ ಬೇಡ ಎಂದ.

ಸಂಜೆ ಅವನೇ ಬಿಡಿಸಿ ಹೇಳಿದ. ನಾಯಿ ಗೆರೆ ದಾಟಿ ನೂರರಲ್ಲಿ ಮೂರು ಭಾಗ ಕಳೆದ ಮೇಲೆ ಅವನ ಕಣ್ಣು ಅದನ್ನು ನಂಬುತ್ತಿತ್ತು. ಬರುವ ನಾಯಿಗೂ ಹೋಗುವ ನಾಯಿಗೂ ಅದೇ ತಡವಾದ್ದರಿಂದ ನಡುವೆ ಏನೂ ತಿಳಿಯುತ್ತಿರಲಿಲ್ಲ. ಆದರೆ ದೀಪಕ್ಕೆ ತಡವಿಲ್ಲ. ದೀಪದ ಜೊತೆ ಓಡುವುದು ಮೊದಲ ನಾಯಿ ಒಂದೇ. ಅವನ ಪೆಟ್ಟಿಗೆ ಸೊನ್ನೆ ಬಿಂದು ಸೊನ್ನೆ ಒಂದು ಎಂದಾಗಲೆಲ್ಲ ಕಡ್ಡಿ ನಿಜವಾಗಿ ಎರಡು ಭಾಗ ಮುಂಚೆ ದಾಟಿರುತ್ತಿತ್ತು. ಅವಳು ಅವನ ಯಂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕೈ ಹೊಂದಿಸಿಕೊಂಡಿದ್ದಳು. ಪಂದ್ಯದಲ್ಲೂ ಹಾಗೇ ಬಿಟ್ಟಿದ್ದಳು.

"ಹೋಗಿ ಹೇಳು" ಎಂದೆ.

"ಹೇಳ್ತೀನಿ. ಮೊದಲು ಸರಿ ಮಾಡ್ತೀನಿ."

ಸರಿ ಮಾಡಿದ. ನೊಣದ ಕಾಳುಗಳನ್ನೆಲ್ಲ ನನ್ನ ಕೈಯಿಂದಲೇ ತೆಗೆಸಿದ. ಗ್ರೌಂಡಿನಲ್ಲಿ ಯಾರಿಗೂ ಹೇಳದೆ ಕಂಬಗಳನ್ನು ನಿಲ್ಲಿಸಿದ. ಲಾಂಡ್ರಿಯವನ ಭಾಮೈದ ಸರಿಯಾದ ಯಂತ್ರದ ಮೇಲೆ ಕೈ ಪಳಗಿಸಿಕೊಂಡ. ಮುಂದಿನ ಪಂದ್ಯದಲ್ಲಿ ಒಂದು ಸಲವೂ ಕೆಂಪು ಹತ್ತಲಿಲ್ಲ.

"ನೋಡಿದ್ರಾ?" ಎಂದ ಲಾಂಡ್ರಿಯವ. "ಯಂತ್ರ ಅದೇ, ದೀಪ ಅದೇ. ಕೈ ಬದಲಾಯಿಸಿದ್ವಿ, ಕೆಂಪು ಹೋಯ್ತು."

ಮೈದುನ ಟೀ ಕುಡಿಯುತ್ತಿದ್ದ. ಲೋಟದೊಳಗೆ ನೋಡಿದ. ನಾನು ಅವನನ್ನು ನೋಡಿದೆ. ಅವನು ತಲೆ ಎತ್ತಲಿಲ್ಲ. ಮೊದಲು ಅವಳ ತಪ್ಪೆಂದು ಅನುಮಾನ ಇತ್ತು, ಈಗ ರುಜುವಾತಾಯಿತು.

ಬ್ರೆಡ್ ತರಲು ಹೋದಾಗ ಬೇಕರಿಯವಳು ನನಗೆ ಹೇಳಿದಳು. "ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ ಅಮ್ಮಾ. ಒಲೆಯಿಂದ ತಟ್ಟೆ ತೆಗೆಯೋವಾಗಲೂ, ಬೇಗ ತೆಗೆದುಬಿಟ್ನೇನೋ ಅನ್ಸುತ್ತೆ. ಇಪ್ಪತ್ತು ವರ್ಷದಿಂದ ಗಡಿಯಾರ ನೋಡದೆ ತೆಗೀತಿದ್ದವಳು. ಈಗ ಬಾಗಿಲು ತೆಗೆದು ನೋಡೋದು, ಮುಚ್ಚೋದು. ಎಲ್ಲಾ ಹಸಿಯಾಗೇ ಉಳೀತಿದೆ."

ಹೇಳಬೇಕಾದವನು ಅವನು ಎಂದುಕೊಂಡು ಬ್ರೆಡ್ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಅವಳು ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ.

"ಈ ಭಾನುವಾರ ಹೇಳ್ತೀನಿ."

ಆ ಭಾನುವಾರ ಹೇಳಲಿಲ್ಲ. ಮುಂದಿನದಕ್ಕೂ ಇಲ್ಲ. ಐದು ಭಾನುವಾರ ಹೋದವು. "ಒಬ್ಬರಿಗೂ ಗಾಯ ಆಗಿಲ್ಲ ಅಂತೀಯಲ್ಲ" ಎಂದು ಒಂದು ದಿನ ಅಂದೆ. ಅನ್ನಬಾರದಿತ್ತೇನೋ. ಅವನು ಊಟ ಬಿಟ್ಟು ಏಳಲಿಲ್ಲ, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು ತಟ್ಟೆ ತೊಳೆದಿಟ್ಟು ಹೋಗಿ ಮಲಗಿದ. ಕೋಪ ಬರಬೇಕಾಗಿತ್ತು ನನಗೆ, ಅವನ ಮೇಲೋ ನನ್ನ ಮೇಲೋ. ಬರಲಿಲ್ಲ.

ಆರನೆಯ ಭಾನುವಾರ ಅವನು ಆಸ್ಪತ್ರೆಯಲ್ಲಿದ್ದ. ಚಪ್ಪಲಿಯೊಳಗಿನ ಮೊಳೆ ಅಂಗಾಲಿಗೆ ಚುಚ್ಚಿ ಎಷ್ಟು ದಿನವಾಗಿತ್ತೋ, ಅವನಿಗೆ ತಿಳಿದಿರಲಿಲ್ಲ. ಕಾಲು ಕಪ್ಪಾಗಿತ್ತು. ವಿಷ ಮೇಲೇರಿದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಸರಿ ಎಂದೆ. ಬಾಯಿಗೆ ಬಂದ ಮಾತು ಅದೊಂದೇ.

ಗುರುವಾರ ಮಧ್ಯಾಹ್ನ ಅವನು ಕಣ್ಣು ಬಿಟ್ಟ.

"ಅತ್ತಿಗೆ, ಭಾನುವಾರ ಗ್ರೌಂಡಿಗೆ ಹೋಗಿ."

"ಬೇಕರಿಯವಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ನೀನೇ ಹೇಳು."

"ಅವಳೊಬ್ಬಳಿಗೆ ಹೇಳಿದ್ರೆ ಆಗಲ್ಲ. ನಾನು ಅವತ್ತು ಎಲ್ಲರ ಮುಂದೆ ಅಂದಿದ್ದು. ಲಾಂಡ್ರಿಯವ ಇರಬೇಕು. ಎಲ್ಲರೂ ಇರಬೇಕು."

"ನನಗೆ ನಾಲ್ಕು ಜನರ ಮುಂದೆ ಮಾತು ಬರಲ್ಲ, ನಿನಗೇ ಗೊತ್ತು."

"ಅದಕ್ಕೇ ಬಾಯಿಪಾಠ ಮಾಡಿ. ನಾನು ಹೇಳ್ತೀನಿ, ಹಾಗೇ ಹೇಳಿ. ನಿಮ್ಮದೇನೂ ಸೇರಿಸಬೇಡಿ. ಮುದುಕಿ ಏನೋ ಕನಿಕರಕ್ಕೆ ಹೇಳ್ತಾಳೆ ಅಂದುಬಿಡ್ತಾರೆ."

ಅವನು ಒಂದೊಂದೇ ಮಾತು ಬಿಟ್ಟು ಬಿಟ್ಟು ಹೇಳಿದ, ನಾನು ಹಿಂದೆಯೇ ಹೇಳಿದೆ. ಯಂತ್ರದ ಕಣ್ಣಿಗೆ ನೂರರಲ್ಲಿ ಮೂರು ಭಾಗ ತಡ ಇತ್ತು. ಆ ತಡ ಇಟ್ಟವನು ನಾನು. ಆಮೇಲೆ ತೆಗೆದವನೂ ನಾನು, ಯಾರಿಗೂ ಹೇಳಲಿಲ್ಲ. ಬೇಕರಿಯವಳ ಕೈ ಮೊದಲಿಂದಲೂ ಸರಿ ಇತ್ತು.

ಇದನ್ನು ನಾನು ಗ್ರೌಂಡಿನಲ್ಲಿ ಹೇಳಿದೆ, ಅವನು ಹೋದ ಹತ್ತು ದಿನಕ್ಕೆ, ಒಂದು ಪದ ಬಿಡದೆ. ಬೇಕರಿಯವಳು ಅಲ್ಲಿಗೆ ಬರುವುದನ್ನು ಬಿಟ್ಟಿದ್ದಳು, ಬೇಕರಿಗೆ ಹೋಗಿ ಇನ್ನೊಮ್ಮೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಯಾವತ್ತಿಂದ ಗೊತ್ತಿತ್ತು ನಿಮಗೆ?" ಎಂದಳು. ಮೂರು ತಿಂಗಳಿಂದ ಎಂದೆ. ಅವಳು ಒಳಗೆ ಹೋದಳು. ಈಗ ಕಡ್ಡಿ ಮತ್ತೆ ಓಡುತ್ತಿದೆ ಎಂದು ಜನ ಹೇಳುತ್ತಾರೆ. ಬ್ರೆಡ್ಡನ್ನು ನಾನು ಬೇರೆ ಕಡೆಯಿಂದ ತರುತ್ತೇನೆ.

ಆಸ್ಪತ್ರೆಯಲ್ಲಿ ಆ ದಿನ, "ಆ ತಡ ಇಟ್ಟವನು ಅವನು" ಎಂದು ನಾನು ಹೇಳಿದ್ದಕ್ಕೆ ಅವನು ತಲೆ ಅಲ್ಲಾಡಿಸಿದ. "ಅವನು ಅಲ್ಲ. ನಾನು ಅನ್ನಿ. ನನ್ನ ಮಾತು ಅದು." ಮತ್ತೆ ಮೊದಲಿನಿಂದ ಹೇಳಿದೆ. ನರ್ಸು ಬಂದು ಬಾಟಲಿ ಬದಲಾಯಿಸಿ ಹೋದಳು. ಪಕ್ಕದ ಮಂಚದವರು ನನ್ನ ಮುಖ ನೋಡುತ್ತಿದ್ದರು. ಕೊನೆಯವರೆಗೂ ತಪ್ಪಿಲ್ಲದೆ ಬಂತು. ಸಾಕಲ್ಲ, ಮಲಗು ಎಂದೆ.

"ಇನ್ನೊಂದ್ಸಲ ಹೇಳಿ ಅತ್ತಿಗೆ" ಎಂದ.