ಹತ್ತು ಟರ್ಮಿನಲ್ಲು, ಒಂದು ಉಂಡೆ ಹುಣಸೆಹಣ್ಣು

ಅವು ಸಣ್ಣದಾಗಿದ್ದಕ್ಕೆ ಕೆಡಲಿಲ್ಲ. ನಾನು ಉಜ್ಜಿದ್ದಕ್ಕೆ ಕೆಟ್ಟವು. ಇದರಲ್ಲಿ ಎರಡು ಮಾತಿಲ್ಲ. ಶೆಡ್ಡಿನಲ್ಲಿ ನಾಲ್ಕು ಜನ ತಲೆ ಕೂಡಿಸಿಕೊಂಡು ಕೂತು, ತಗಡು ತೆಳುವಾಯ್ತು, ಮಡಿಕೆ ಬಿಗಿಯಾಯ್ತು ಅಂತ ಏನೇನೋ ಕಾರಣ ಬರೆದರಂತೆ. ಕಾರಣ ಇಲ್ಲಿ, ಕೊಡಿಗೇನಹಳ್ಳಿ ಹತ್ತಿರ ನಮ್ಮನೆ ಬಚ್ಚಲ ಕಲ್ಲಿನ ಮೇಲೆ, ಸೀರೆ ಎತ್ತಿಕಟ್ಟಿಕೊಂಡು ಕೂತಿತ್ತು.

ಯಾವುವು ಕೆಟ್ಟವು ಅಂತ ಕೇಳ್ತೀರಿ. ಟರ್ಮಿನಲ್ಲು. ನನಗೂ ಮೊದಲು ಗೊತ್ತಿರಲಿಲ್ಲ. ಒಂದು ವೈರು ಇನ್ನೊಂದು ವೈರನ್ನ ಕೂಡೋ ಜಾಗದಲ್ಲಿ ಪ್ಲಾಸ್ಟಿಕ್ಕಿನ ಗೂಡು ಇರುತ್ತಲ್ಲ, ಅದು ಕನೆಕ್ಟರು. ಆ ಗೂಡಿನೊಳಗೆ ಅಡಗಿ ಕೂರೋ ಹಿತ್ತಾಳೆ ತಗಡಿನ ಚೂರು ಟರ್ಮಿನಲ್ಲು. ಹುಣಸೆ ಬೀಜಕ್ಕಿಂತ ಸಣ್ಣದು. ಅಷ್ಟರಲ್ಲೇ ಹಿಂದುಗಡೆ ವೈರನ್ನ ತಬ್ಬಿಕೊಳ್ಳೋಕೆ ಎರಡು ರೆಕ್ಕೆ, ಮುಂದುಗಡೆ ಎದುರಿನಿಂದ ಬರೋ ಕಡ್ಡಿಯನ್ನ ಒತ್ತಿ ಹಿಡಿಯೋಕೆ ಬಾಗಿದ ಒಂದು ಪಟ್ಟಿ, ಎಳೆದರೆ ಗೂಡು ಬಿಟ್ಟು ಈಚೆಗೆ ಬರದ ಹಾಗೆ ಬೆನ್ನ ಮೇಲೊಂದು ಮುಳ್ಳು. ನನ್ನ ಮೊಮ್ಮಗಳು ನೇತ್ರಾ ಡಿಪ್ಲೊಮಾ ಮುಗಿಸಿ ನಮ್ಮನೇಲೇ ಇದ್ದುಕೊಂಡು, ಮಧುಗಿರಿ ರಸ್ತೆಯ ಒಂದು ಶೆಡ್ಡಿನಲ್ಲಿ ಇವುಗಳ ನಕ್ಷೆ ಬರೆಯೋ ಕೆಲಸಕ್ಕೆ ಹೋಗ್ತಾಳೆ.

“ಇಷ್ಟು ತಗಡು ಮಡಿಚೋಕೂ ಸಂಬಳ ಕೊಡ್ತಾರೇನೇ?” ಅಂತ ಮೊದಲ ದಿನ ಕೇಳಿದ್ದೆ.

“ಹೆಂಗೆ ಮಡಿಚಬೇಕು ಅಂತ ಹೇಳೋಕೆ ಕೊಡ್ತಾರೆ ಕಣಜ್ಜಿ” ಅಂದಳು. ಹೇಳೋಕೆ ಸಂಬಳ ಕೊಡೋ ಹಾಗಿದ್ರೆ ಈ ಊರಿನಲ್ಲಿ ನನ್ನಷ್ಟು ಸಾಹುಕಾರ್ತಿ ಯಾರೂ ಇರ್ತಿರಲಿಲ್ಲ.

ಈಗ ತೋಟದ ಮೋಟಾರನ್ನ ಮನೆಯಲ್ಲೇ ಕೂತು ಮೊಬೈಲಿಂದ ಹಾಕ್ತಾರಲ್ಲ, ಆ ಸ್ಟಾರ್ಟರ್ ಪೆಟ್ಟಿಗೆ ಮಾಡೋರು ಇವರ ಹತ್ತಿರ ಟರ್ಮಿನಲ್ಲು ತಗೊಳ್ತಾರೆ. ಪೆಟ್ಟಿಗೆಯೊಳಗೆ ಮೊಬೈಲಿನ ಸಾಮಾನೂ ತುಂಬಬೇಕು, ಜಾಗ ಸಾಲದು, ಅದಕ್ಕೆ ಟರ್ಮಿನಲ್ಲು ಸಣ್ಣದಾಗಬೇಕು ಅಂತ ಅವರ ಬೇಡಿಕೆ. ಹಿಡಿತ ಮಾತ್ರ ಸಣ್ಣದಾಗಬಾರದು. ಮದುವೆ ಮನೆಯಲ್ಲಿ ಎಲೆ ಸಣ್ಣದಿರಲಿ, ಊಟ ಅಷ್ಟೇ ಇರಲಿ ಅಂದ ಹಾಗಾಯ್ತು. ನೇತ್ರಾ ಆರು ತಿಂಗಳು ಅದರ ಹಿಂದೆ ಬಿದ್ದಳು. ಆ ಪಟ್ಟಿ ಹೆಚ್ಚು ಬಾಗಿದರೆ ಕಡ್ಡಿ ಒಳಗೇ ಹೋಗಲ್ಲ, ಕಮ್ಮಿ ಬಾಗಿದರೆ ಒಳಗಿದ್ದೂ ಮುಟ್ಟಲ್ಲ. ಊಟಕ್ಕೆ ಕೂತರೂ ಎರಡು ಬೆರಳು ಬಾಗಿಸಿ, ಒತ್ತಿ, ನೋಡ್ತಿದ್ದಳು. ಮುದ್ದೆ ಆರಿಹೋಗ್ತಿತ್ತು.

ಅವಳು ಪಡೋ ಪಾಡು ನೋಡಿ ನನಗೆ ನಗು ಬರ್ತಿತ್ತು, ಯಾಕಂದ್ರೆ ಹಿಡಿತ ಸಡಿಲಾದ ಪೆಟ್ಟಿಗೆ ಜೊತೆ ನಾನು ನಲವತ್ತು ವರ್ಷ ಬಾಳಿದ್ದೀನಿ. ನಮ್ಮ ಯಜಮಾನರು ಇದ್ದಾಗ ಬಾವಿ ಹತ್ತಿರದ ಸ್ಟಾರ್ಟರ್ ಪೆಟ್ಟಿಗೆಗೆ ದಿನಾ ಬೆಳಗ್ಗೆ ಕೋಲಿನಲ್ಲಿ ಎರಡು ಏಟು ಹಾಕ್ತಿದ್ದರು. ಒಂದು ಏಟಿಗೆ ಗುರ್ ಅನ್ನೋದು, ಎರಡನೇದಕ್ಕೆ ಮೋಟಾರು ಓಡೋದು. ಅದಕ್ಕೂ ಬಗ್ಗದಿದ್ದರೆ ಸಿಗರೇಟು ಪ್ಯಾಕಿನ ಬೇಗಡೆ ಮಡಿಚಿ ವೈರು ಕೂರೋ ತೂತಿಗೆ ತುರುಕೋರು. ಸಿಗರೇಟು ಬಿಡಿ ಅಂದರೆ, “ಬುಟ್ಟರೆ ಬೇಗಡೆಗೆ ಏನ್ಮಾಡ್ಲಿ, ತೋಟ ಒಣಗ್ಲಾ?” ಅಂತ ನನ್ನನ್ನೇ ಕೇಳೋರು. ನೀರಾವರಿಗೋಸ್ಕರ ಸಿಗರೇಟು ಸೇದಿದ ಗಂಡಸು ಈ ತಾಲ್ಲೂಕಿನಲ್ಲಿ ಅವರೊಬ್ಬರೇ ಇರಬೇಕು. ಕೊನೆಗೆ ಅವರ ಎದೆ ಕೆಟ್ಟಿತು, ಪೆಟ್ಟಿಗೆ ಇನ್ನೂ ಇದೆ.

ಸಣ್ಣದು ಅಂದ ಮಾತ್ರಕ್ಕೆ ಹಿಡಿಯಲ್ಲ ಅನ್ನೋರ ಮಾತನ್ನ ನಾನು ಒಪ್ಪಲ್ಲ. ನನ್ನ ಮೂಗಿನ ಬೊಟ್ಟು ನೋಡಿ. ರಾಗಿ ಕಾಳಿಗಿಂತ ಒಂದಿಷ್ಟು ದಪ್ಪ. ಹತ್ತು ವರ್ಷದವಳಿದ್ದಾಗ ಹಾಕಿದ್ದು. ಹೊಲದಲ್ಲಿ ಕಳೆ ಕಿತ್ತಿದ್ದೀನಿ, ನೆಗಡಿಯಾಗಿ ಸಾವಿರ ಸಲ ಸೀನಿದ್ದೀನಿ, ಮೂಗು ಎಷ್ಟೋ ಜನರ ವಿಷಯಕ್ಕೆ ತೂರಿಸಿದ್ದೀನಿ, ಒಂದು ದಿನ ಬಿದ್ದಿಲ್ಲ. ಅದೇ ನನ್ನ ಓರಗಿತ್ತಿಯ ಸರ ಇತ್ತಲ್ಲ, ಹಗ್ಗದಷ್ಟು ದಪ್ಪ, ಅದು ನಾಗಲಮಡಿಕೆಗೆ ಹೋಗಿ ಬರೋವಾಗ ಕೊಂಡಿ ಬಿಟ್ಟುಕೊಂಡು ಎಲ್ಲಿ ಹೋಯ್ತೋ ಗೊತ್ತೇ ಆಗಲಿಲ್ಲ. ದಪ್ಪ ಇರೋದು ಬೇರೆ, ಬಿಗಿ ಇರೋದು ಬೇರೆ. ನೇತ್ರಾಗೆ ಇದನ್ನ ಹೇಳಿದೆ. “ಮೂಗುಬೊಟ್ಟಿಗೆ ಕರೆಂಟು ಹರಿಯಲ್ಲ ಅಜ್ಜಿ” ಅಂದಳು. ಓದಿದವರಿಗೆ ಹೋಲಿಕೆ ಹೇಳಬಾರದು.

ಇರಲಿ, ಬಚ್ಚಲ ಕಲ್ಲಿಗೆ ಬರ್ತೀನಿ.

ಕಡೆಗೂ ಹನ್ನೆರಡು ಸ್ಯಾಂಪಲ್ಲು ತಯಾರಾದವು. ಸೋಮವಾರ ಪರೀಕ್ಷೆಗೆ ಕೊಡಬೇಕು. ಐದು ದಿನ ಉಪ್ಪುನೀರಿನ ಹಬೆಯ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಕರೆಂಟು ಹರಿಸಿ ಎಷ್ಟು ಬಿಸಿಯಾಗುತ್ತೆ ಅಂತ ನೋಡ್ತಾರಂತೆ. ಸೊಸೆಯನ್ನ ಪರೀಕ್ಷೆ ಮಾಡೋ ಹಾಗೇ. ಪಾಸಾದರೆ ನೇತ್ರಾಳ ಟರ್ಮಿನಲ್ಲು ಪೆಟ್ಟಿಗೆಯವರಿಗೆ ಹೋಗುತ್ತೆ, ಅವಳ ಕೆಲಸ ಖಾಯಂ. ಫೇಲಾದರೆ ಹಳೇ ದಪ್ಪ ಟರ್ಮಿನಲ್ಲೇ ಗತಿ, ಅವಳನ್ನ ಪ್ಯಾಕಿಂಗಿಗೆ ಹಾಕ್ತೀನಿ ಅಂತ ಓನರು ಮೊದಲೇ ಅಂದಿದ್ದರು. ಸ್ಯಾಂಪಲ್ಲು ಶೆಡ್ಡು ಬಿಟ್ಟು ಹೊರಗೆ ತರಬಾರದು ಅಂತ ಕಾನೂನು. ಆದರೆ ಈ ಹುಡುಗಿ ಎಷ್ಟು ಓದಿದರೂ ನಮ್ಮನೆಯದೇ ಅಲ್ಲವಾ, ಶನಿವಾರ ಸಂಜೆ ಅವನ್ನ ಮಾತ್ರೆ ಡಬ್ಬಿಯಲ್ಲಿ ಹಾಕಿ ತಂದು ದೇವರ ಗೂಡಿನಲ್ಲಿ ಇಟ್ಟು ಕೈಮುಗಿದಳು. ನನಗೆ ಹೇಳಲಿಲ್ಲ.

ಮಾರನೇ ದಿನ ಭಾನುವಾರ, ಹಬ್ಬದ ಪಾತ್ರೆ ಬೆಳಗೋ ದಿನ. ನೇತ್ರಾ ತಲೆಗೆ ನೀರು ಹಾಕಿಕೊಂಡು ಗೆಳತಿ ಮನೆಗೆ ಹೋಗಿದ್ದಳು. ನಾನು ದೇವರ ಗೂಡಿನಲ್ಲಿದ್ದದ್ದನ್ನೆಲ್ಲ ಬಚ್ಚಲಿಗೆ ತಂದೆ. ದೀಪ, ಗಂಟೆ, ಹರಿವಾಣ, ಪಂಚಪಾತ್ರೆ. ಜೊತೆಗೆ ಡಬ್ಬಿ. ಬಿಚ್ಚಿದರೆ ಒಳಗೆ ಮಂಕುಹಿಡಿದ ಬೆಳ್ಳನೆಯ ಚೂರುಗಳು. ಒಂದರ ಅಂಚು ಕೆರೆದು ನೋಡಿದೆ, ಅಡಿಯಲ್ಲಿ ಹಿತ್ತಾಳೆ, ಮೇಲಿನದು ಕೊಳೆ ಅಂದುಕೊಂಡೆ. ದೇವರ ಮುಂದೆ ಇಟ್ಟ ಹಿತ್ತಾಳೆ ಹಿಂಗಾ ಇರೋದು ಅಂತ ನನಗೆ ನಾಚಿಕೆಯಾಯ್ತು.

ಹುಣಸೆಹಣ್ಣು, ಇಟ್ಟಿಗೆ ಪುಡಿ. ಪುಡಿಯನ್ನ ಬಟ್ಟೆಯಲ್ಲಿ ಜರಡಿ ಹಿಡಿದಿದ್ದೆ, ಸಣ್ಣ ಸಾಮಾನು ಅಂತ. ಒಳಗಿನ ಸಂದಿಗೆ ತೆಂಗಿನ ನಾರು ಹೊಸೆದು ತೂರಿಸಿ ತಿಕ್ಕಿದೆ. ಒಂದೊಂದೂ ಬಂಗಾರದ ಹಾಗೆ ಬಂತು. ಹತ್ತು ಮುಗಿಯೋ ಹೊತ್ತಿಗೆ ಕಣ್ಣು ಸೋತವು. ಉಳಿದೆರಡನ್ನ ಹಂಗೇ ಹಾಕಿ, ಡಬ್ಬಿ ಮುಚ್ಚಿ, ರಬ್ಬರು ಬ್ಯಾಂಡು ಹಾಕಿ ಗೂಡಿನಲ್ಲಿ ಇಟ್ಟೆ. ಮಾಡಿದ ಉಪಕಾರ ಹೇಳಿಕೊಳ್ಳಬಾರದು ಅಂತ ಸುಮ್ಮನಿದ್ದೆ. ಜೀವಮಾನದಲ್ಲಿ ಒಂದೇ ಒಂದು ಸಲ ಆ ಗುಣ ಬಂತು, ನೋಡಿ ಯಾವಾಗ ಬಂತು ಅಂತ.

ಸೋಮವಾರ ನೇತ್ರಾ ಡಬ್ಬಿಯನ್ನ ಬಿಚ್ಚದೆ ಪರೀಕ್ಷೆ ಮಾಡೋಳ ಕೈಗೆ ಕೊಟ್ಟಳು. ಆಕೆ ಹೊಸಬಳು. ಆ ಶೆಡ್ಡಿನಲ್ಲಿ ಬಿಳಿ ಟರ್ಮಿನಲ್ಲೂ ಇರ್ತವೆ, ಹಳದಿಯೂ ಇರ್ತವೆ. ಪ್ಲಾಸ್ಟಿಕ್ಕಿನ ಗೂಡಿಗೆ ಹಾಕು ಅಂದರು, ಹಾಕಿದಳು.

ಮುಂದಿನ ಸೋಮವಾರ ಸಂಜೆ ನೇತ್ರಾ ಚಪ್ಪಲಿ ಬಿಡದೆ ಜಗಲಿ ಮೇಲೆ ಕೂತಳು.

“ಹತ್ತು ಫೇಲು ಅಜ್ಜಿ. ಪ್ಲಾಸ್ಟಿಕ್ಕೇ ಕರಗೋಗೈತೆ. ಎರಡು ಮಾತ್ರ ಪಾಸು, ಅವೂ ಅದೃಷ್ಟಕ್ಕೆ ಅಂತಾರೆ.”

“ಬಿಚ್ಚಿ ನೋಡಿದ್ರಾ?”

“ನೋಡಿದ್ವಿ. ಮ್ಯಾಲೆಲ್ಲ ಕಪ್ಪಗೆ, ಒಳಗೆ ಸಂದಿಯಲ್ಲಿ ಹಸಿರು ಹಸಿರಾಗಿ ಏನೋ ಕಟ್ಕಂಡೈತೆ.”

ಹಸಿರು ಅಂದ ತಕ್ಷಣ ನನ್ನ ಕೈಯಲ್ಲಿದ್ದ ಮೊರ ನಿಂತಿತು. ಹಿತ್ತಾಳೆಯಲ್ಲಿ ಹಸಿರು ಕಟ್ಟಿದರೆ ಅದು ಕಿಲುಬು. ಕಿಲುಬು ಬಂತು ಅಂದರೆ ಕಲಾಯಿ ಹೋಯ್ತು ಅಂತ ಅರ್ಥ. ಇದನ್ನ ನನಗೆ ಯಾವ ಡಿಪ್ಲೊಮಾನೂ ಹೇಳಿಕೊಡಬೇಕಾಗಿಲ್ಲ.

ಹಿಂದೆ ಸಿರಾದಿಂದ ಕಲಾಯಿ ಸಾಬರು ಬರ್ತಿದ್ದರು. ಹೊಂಗೆ ಮರದ ಕೆಳಗೆ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿದರೆ ಬುಸ್ ಅಂತ ಬಿಳೀ ಹೊಗೆ. ಆಮೇಲೆ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆ ಹೊಟ್ಟೆಯೊಳಗೆ ಬೆಳದಿಂಗಳು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿಸಾರು ಮಾಡಿದರೆ ನಾಲಿಗೆಗೆ ಕಹಿ, ಹೊಟ್ಟೆಗೆ ಕೇಡು. ಹೋಗೋವಾಗ ಪ್ರತಿ ವರ್ಷ ಅದೇ ಮಾತು ಹೇಳೋರು: “ದೇಖೋ ಅಮ್ಮಾ, ಕಲಾಯಿ ಮೇಲೆ ಇಟ್ಟಿಗೆ ಪುಡಿ ಹಾಕ್ಬೇಡಿ. ಹಾಕಿದ್ರೆ ನಂಗೆ ಲಾಭ, ನಿಮ್ಗೆ ನಷ್ಟ.” ಆ ಮಾತನ್ನ ನಾನು ಇಬ್ಬರು ಸೊಸೆಯರಿಗೆ ಎಷ್ಟು ಸಲ ಹೇಳಿದ್ದೀನಿ ಅಂದರೆ, ಅವರು ಬೇಸತ್ತು ಸ್ಟೀಲು ತಂದುಕೊಂಡರು. ಅಂಥವಳು ನಾನು.

ತಕ್ಷಣ ಒಪ್ಪಿಕೊಂಡೆ ಅಂತ ಹೇಳಿದರೆ ಚೆನ್ನಾಗಿರುತ್ತೆ. ಒಪ್ಪಿಕೊಳ್ಳಲಿಲ್ಲ. ಮೊದಲು ಸಾರು ಬಿಸಿ ಮಾಡಿದೆ. ಒಂದು ಮುದ್ದೆ ಉಂಡೆ. ಎಪ್ಪತ್ತು ದಾಟಿದವಳನ್ನ ಯಾರು ಕೇಳ್ತಾರೆ, ಹುಡುಗಿ ಇನ್ನೊಂದು ಮಾಡ್ತಾಳೆ ಅಂತ ಲೆಕ್ಕ ಹಾಕಿದೆ. ನೇತ್ರಾ ತಟ್ಟೆ ಮುಂದೆ ಎರಡು ಬೆರಳನ್ನ ಬಾಗಿಸಲೂ ಇಲ್ಲ, ಒತ್ತಲೂ ಇಲ್ಲ. “ನನ್ನ ಲೆಕ್ಕಾನೇ ತಪ್ಪು ಕಣಜ್ಜಿ. ಸಣ್ಣದು ಮಾಡೋಕೆ ಹೋಗಬಾರದಿತ್ತು. ನಾಳೆಯಿಂದ ಪ್ಯಾಕಿಂಗು” ಅಂದಳು. ಎರಡನೇ ಮುದ್ದೆ ಮುರಿದು ತಟ್ಟೆಯಲ್ಲೇ ಬಿಟ್ಟೆ. ಮುದ್ದೆ ಇಳಿಯದಿದ್ದರೆ ನಾನು ಸುಳ್ಳು ನಡೆಸೋಕಾಗಲ್ಲ.

“ಅದರ ಮ್ಯಾಲೆ ಬೆಳ್ಳಗಿತ್ತಲ್ಲ, ಅದೇನೇ?”

“ಟಿನ್ ಪ್ಲೇಟಿಂಗ್ ಅಜ್ಜಿ. ಹಿತ್ತಾಳೆ ಕೆಡಬಾರದು ಅಂತ.”

“ಕಲಾಯಿ ಅನ್ನು. ಅದನ್ನ ನಾನು ಉಜ್ಜಿಬುಟ್ಟೆ.”

ಅವಳು ನನ್ನನ್ನೇ ನೋಡಿದಳು. “ಯಾವುದರಲ್ಲಿ?”

“ಹುಣಸೆಹಣ್ಣು, ಇಟ್ಟಿಗೆ ಪುಡಿ. ನೈಸಾಗೇ ಇತ್ತು, ಜರಡಿ ಹಿಡಿದಿದ್ದೆ.”

“ಹನ್ನೆರಡೂನಾ?”

“ಹತ್ತು. ಎರಡಕ್ಕೆ ಕಣ್ಣು ಸೋತವು.”

ಹತ್ತು ಫೇಲು, ಎರಡು ಪಾಸು. ಲೆಕ್ಕ ಅವಳಿಗೆ ಆಗಲೇ ಕೂಡಿಕೊಂಡಿತ್ತು. ಬೈತಾಳೆ ಅಂತ ಕಾದೆ. ನಗೋಕೆ ಶುರುಮಾಡಿದಳು, ನಗ್ತಾ ನಗ್ತಾ ಕಣ್ಣಲ್ಲಿ ನೀರು ಬಂತು, ಅದು ಯಾವ ನೀರು ಅಂತ ನಾನು ವಿಚಾರಿಸಲಿಲ್ಲ.

“ಹೋಗಿ ಹೇಳೇ, ಮತ್ತೆ” ಅಂದೆ.

“ಹೇಳಲ್ಲ. ದೇವರ ಮುಂದೆ ಇಡೋಕೆ ಮನೆಗೆ ತಂದಿದ್ದೆ, ನಮ್ಮಜ್ಜಿ ದೀಪದ ಜೊತೆ ಬೆಳಗಿದ್ಲು ಅಂತ ಹೇಳ್ಲಾ? ನಾನು ಇರೋಗಂಟ ನಗ್ತಾರೆ. ಲೆಕ್ಕ ತಪ್ಪಿದ್ಲು ಅಂತ್ಲೇ ಅಂದ್ಕಳ್ಲಿ ಬುಡು.”

ದಡ್ಡಿ ಅನ್ನಿಸಿಕೊಂಡರೂ ಸರಿ, ನಗೆಪಾಟಲಾಗಬಾರದು. ಇದು ವಯಸ್ಸಿನ ದೋಷ. ನನ್ನ ವಯಸ್ಸಿಗೆ ಬಂದರೆ ಇದು ಉಲ್ಟಾ ಆಗುತ್ತೆ. ನನಗೆ ನಕ್ಕರೆ ನಕ್ಕುಕೊಳ್ಳಲಿ, ಆರು ತಿಂಗಳು ಬೆರಳು ಬಾಗಿಸಿದ ಹುಡುಗಿ ಬೇರೆಯವರ ಟರ್ಮಿನಲ್ಲನ್ನ ಡಬ್ಬಕ್ಕೆ ತುಂಬೋದು ಬೇಡ.

ಮಾರನೇ ದಿನ ಬೆಳಗ್ಗೆ ಅವಳು ಹತ್ತಿದ ಬಸ್ಸಿಗೇ ಹಿಂದಿನ ಬಾಗಿಲಿನಿಂದ ನಾನೂ ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಲ್ಲ, ಆಧಾರ್ ತೋರಿಸಿದರೆ ಸಾಕು. ತಪ್ಪು ಒಪ್ಪಿಕೊಳ್ಳೋಕೂ ಈಗ ಬಸ್ಸು ಪುಕ್ಕಟೆ. ನೇತ್ರಾ ಹಿಂದೆ ತಿರುಗಿ, “ಎಲ್ಲಿಗಜ್ಜಿ?” ಅಂದಳು. “ಮೊಣಕಾಲಿಗೆ ತೈಲ ತರೋಕೆ” ಅಂದೆ. ಅವಳು ಇಳಿದ ಕಡೆಯೇ ಇಳಿದೆ. ನನ್ನ ಚೀಲದಿಂದ ಹುಣಸೆಹಣ್ಣಿನ ವಾಸನೆ ಬಂತೋ ಏನೋ, ಹತ್ತು ಹೆಜ್ಜೆ ಮುಂದೆ ನಡೆದಳು, ನಾನು ಯಾರೋ ಅನ್ನೋ ಹಾಗೆ.

ಓನರು ಪಾವಗಡದ ಕಡೆಯವರು, ಗಾಬರಿಯಾದರೆ ತೆಲುಗು. ಅವರ ಮೇಜಿನ ಮುಂದೆ ನಿಂತು ಹೇಳಿದೆ: “ಇವಳು ಮಾಡಿದ್ದು ಸರಿಯಾಗೈತೆ. ಮನೆಗೆ ತಂದಿದ್ದು ತಪ್ಪು, ಅದಕ್ಕೆ ಇವಳನ್ನ ಬೈರಿ. ಉಜ್ಜಿದ್ದು ನಾನು, ಅದಕ್ಕೆ ನನ್ನ ಬೈರಿ. ಟರ್ಮಿನಲ್ಲನ್ನ ಬೈಬ್ಯಾಡಿ. ಹೊಸಾವು ನಾಲ್ಕು ಕೊಡಿಸಿ.”

“ಏಂದಮ್ಮಾ ಇದಿ” ಅಂದರು. ಆದರೆ ತರಿಸಿದರು.

ನಲ್ಲಿ ಹತ್ತಿರ ಕೂತು, ಚೀಲದಿಂದ ಹುಣಸೆಹಣ್ಣು, ಇಟ್ಟಿಗೆ ಪುಡಿ, ನಾರು ತೆಗೆದೆ. ಎರಡನ್ನ ಉಜ್ಜಿದೆ, ಎರಡನ್ನ ಮುಟ್ಟಲಿಲ್ಲ. ಮಿಷನ್ನು ನಿಲ್ಲಿಸಿ ಎಲ್ಲರೂ ಬಂದು ನೋಡಿದರು, ನಗಬೇಕಾದವರು ನಕ್ಕರು. ಓನರು ಮಾತ್ರ ನಗಲಿಲ್ಲ. ಬಿಳೀದನ್ನ ಒಂದು ಅಂಗೈಯಲ್ಲಿ, ಹಳದೀದನ್ನ ಇನ್ನೊಂದು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿ, “ನಾಲ್ಕನ್ನೂ ಇವತ್ತೇ ಹಬೆಗೆ ಹಾಕ್ರಪ್ಪ. ರಿಸಲ್ಟು ಬರೋಗಂಟ ನೇತ್ರಾ ತನ್ನ ಕುರ್ಚಿಯಲ್ಲೇ ಕೂರಲಿ” ಅಂದರು.

ಉಳಿದ ಹುಣಸೆಹಣ್ಣನ್ನ ದಂಡ ಮಾಡೋದು ಯಾಕೆ ಅಂತ, ಅವರ ದೇವರ ಫೋಟೋ ಮುಂದೆ ಕಪ್ಪಗೆ ಕೂತಿದ್ದ ದೀಪ ಇಳಿಸಿಕೊಂಡು ಅದನ್ನೂ ಬೆಳಗಿಟ್ಟು ಬಂದೆ. ಕಲಾಯಿ ಇದೆಯಾ ಅಂತ ಮೊದಲು ಉಗುರಿನಲ್ಲಿ ಕೆರೆದು ನೋಡಿಕೊಂಡೆ.