ಅರ್ಧ ಉಳ್ಳಾಗಡ್ಡಿಯ ರಜಿಯಾ

ಹೊರಗಿಂದ ಬಂದರೆ ರಜಿಯಾ ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕಸದ ಬುಟ್ಟಿಯನ್ನು. ತಿನ್ನುವಂಥದ್ದೇನಾದರೂ ಕಂಡಿತೋ, ಚಪ್ಪಲಿ ಬಿಡುವ ಮೊದಲೇ ಕೂಗು: "ಏ ವಕೀಲಬಾಯಿ, ಇದರ ಗತಿ ಏನ?"

ಬೈಲಹೊಂಗಲದಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ನಾನು ಬಿ.ಎಡ್. ಓದುತ್ತಿದ್ದೆ, ಸವದತ್ತಿಯ ರಜಿಯಾ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳನ್ನು ನಾನು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೆ. ರಜಿಯಾ ಅವುಗಳಲ್ಲೊಂದಕ್ಕೆ ನೀರು ಹಾಕಿ, ಕೊತ್ತಂಬರಿ ಸೂಡು ನಿಲ್ಲಿಸಿ ಹೇಳಿದಳು: "ಈಗರ ಕೆಲಸಕ್ಕ ಬಂತು."

ಬುಟ್ಟಿಯಲ್ಲಿ ರೊಟ್ಟಿ ಕಂಡು ಅವಳು ಕೂಗಿದರೆ ನಾನು ಸುಮ್ಮನಿರುವವಳೇ? "ಮದುವೆಮನೆಗಳಲ್ಲಿ ಹೊರೆಗಟ್ಟಲೆ ಅನ್ನ ಚೆಲ್ಲತಾರ. ನನ್ನ ಅರ್ಧ ರೊಟ್ಟಿಯಿಂದ ಜಗತ್ತು ಉದ್ಧಾರ ಆಗತೈತೇನ?"

"ಜಗತ್ತ ಇರ್ಲಿ ಬಿಡ. ನಿಮ್ಮವ್ವನ ಕೈ ನೋಡಿಯೇನ?"

ಅವ್ವ ಸಾಲಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬುತ್ತಿ ಡಬ್ಬಿ ಇಡುತ್ತಿದ್ದಳು, ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸು. ನಮ್ಮ ಕಡೆಯ ತಾಯಂದಿರು ಡಬ್ಬಿಯನ್ನೇ ಓದುತ್ತಾರೆ. ಖಾಲಿ ಬಂದರೆ ಮಗಳಿಗೆ ಸಾಲಲಿಲ್ಲ ಎಂದರ್ಥ. ನಾನೋ ಹೊರಗೆ ಎಗ್‌ರೈಸ್ ತಿಂದು, ಉಳಿದ ರೊಟ್ಟಿ ಬುಟ್ಟಿಗೆ ಹಾಕಿ, ಡಬ್ಬಿ ತೊಳೆದು ಕಳಿಸುತ್ತಿದ್ದೆ. ಮರುದಿನ ಅವ್ವ ಇನ್ನಷ್ಟು ಬಡಿದು ಕಳಿಸುತ್ತಿದ್ದಳು. ರಜಿಯಾ ಒಂದಿಷ್ಟನ್ನು ಮುರಿದು ಒಗ್ಗರಣೆ ಹಾಕಿದಳು, ಒಂದಿಷ್ಟನ್ನು ಒಣಗಿಸಿದಳು. ಆದರೂ ರೊಟ್ಟಿ ಬರುತ್ತಲೇ ಇತ್ತು. ಕೊನೆಗೆ ಒಂದು ಸಂಜೆ ನನಗೆ ಹೇಳದೆಯೇ ಉಳಿದ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟು ಕಳಿಸಿದಳು.

ಮರುದಿನ ಡಬ್ಬಿಯ ಜೊತೆ ಅವ್ವನೂ ಬಂದಿಳಿದಳು.

"ಆರಾಮಿಲ್ಲೇನ? ಯಾರರ ಏನರ ಅಂದ್ರೇನ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ ಎಂದು ಖಾತ್ರಿಯಾದದ್ದೇ ಮುಖ ಸಪ್ಪಗಾಯಿತು. "ಹಂಗಾದ್ರ ನನ್ನ ರೊಟ್ಟಿ ಬ್ಯಾಡಾದುವು."

ನಾನು ಮೆಲ್ಲನೆ ಸರಿದು ಕಸದ ಬುಟ್ಟಿಗೆ ಅಡ್ಡ ನಿಂತೆ.

ರಜಿಯಾ ಅವ್ವನ ಊದಿದ ಮಣಿಕಟ್ಟು ಹಿಡಿದಳು. "ಬ್ಯಾಡಾಗಿಲ್ರಿ ಅವ್ವಾರ, ಹೆಚ್ಚಾಗ್ಯಾವರಿ. ಈ ಕೈಲೆ ಬಡದ ರೊಟ್ಟಿ ಬುಟ್ಟಿಗೆ ಹಾಕಾಕ ನನಗ ಮನಸ್ಸ ಬರಲಿಲ್ರಿ."

ಅವ್ವ ನನ್ನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಅಳುತ್ತಾಳೆ ಅಂದುಕೊಂಡೆ. "ಎಲ್ಲಾರ ಜೋಡಿ ವಾದ ಮಾಡತಿ, ಎರಡ ಸಾಕವ್ವಾ ಅನ್ನಾಕ ಬಾಯಿ ಇರಲಿಲ್ಲೇನ? ಅಷ್ಟೊತ್ತು ನಾನೂ ಮಲಗತಿದ್ದೆ!" ಎಂದು ಬೈದು, ತಾನೇ ನಕ್ಕಳು. ಆ ದಿನ ಮೂವರೂ ರೊಟ್ಟಿ ಒಗ್ಗರಣೆ ತಿಂದೆವು. ಅಂದಿನಿಂದ ರಾತ್ರಿಯ ಫೋನಿನಲ್ಲಿ ಅವ್ವನ ಮೊದಲ ಪ್ರಶ್ನೆ: "ನಾಳಿಗೆ ಎಷ್ಟು?"

ರಜಿಯಾಗೆ ರಾಮದುರ್ಗದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳ ಚೀಲದಿಂದ ಅರ್ಧ ಉಳ್ಳಾಗಡ್ಡಿ ಇಣುಕುತ್ತಿತ್ತು.

"ರಾಮದುರ್ಗದಾಗ ಉಳ್ಳಾಗಡ್ಡಿ ಸಿಗೂದಿಲ್ಲೇನ?"

"ಸಿಗತೈತಿ. ಆದ್ರ ಇದರ ಗತಿ ಏನ?"

ಬಸ್ಸು ತಿರುಗುವವರೆಗೂ ನಗುತ್ತಲೇ ಇದ್ದಳು.

ಈಗ ಕೋಣೆಗೆ ಹೊಸ ಹುಡುಗಿ ಬಂದಿದ್ದಾಳೆ. ನಿನ್ನೆ ಅವಳು, ಉಳಿದ ಅನ್ನದ ಪಾತ್ರೆಯನ್ನು ಬುಟ್ಟಿಯ ಕಡೆ ಒಯ್ಯುತ್ತಿದ್ದಳು. "ಇದರ ಗತಿ ಏನ?" ಎಂದೆ. "ಒಂದ ಮುಷ್ಟಿ ಅನ್ನಕ್ಕ ಏನ್ ಆಗತೈತ್ರಿ ಅಕ್ಕಾ?" ಎಂದು ವಾದಕ್ಕೆ ನಿಂತಳು. ಒಳ್ಳೆಯ ವಾದವೇ, ನನಗೆ ಬಾಯಿಪಾಠವಿತ್ತು.

ಅವಳ ಕೈಯಿಂದ ಪಾತ್ರೆ ತೆಗೆದುಕೊಂಡೆ. ಕಪ್ಪಿನಿಂದ ನಾಲ್ಕೆಸಳು ಕೊತ್ತಂಬರಿ ಕಿತ್ತು, ಒಲೆ ಹಚ್ಚಿದೆ.